ಖಾಲಿ ಚೌಕಟ್ಟು

ಪ್ರೀತಿಯ ಅತ್ತೆ,

ಈ ಕಾಗದವನ್ನು ನೀವು ಓದುವುದಿಲ್ಲ, ನಿಮಗೆ ಓದಿ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಓದುವವಳು ನಿಮ್ಮ ಮಗಳು, ನನ್ನ ನಾದಿನಿ ಪುಟ್ಟಿ. ನಿಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಮುಖ ಗಂಟು ಹಾಕಿಕೊಂಡು, ಇದೆಂಥಾ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ ಎಂದು ಬೈದುಕೊಳ್ಳುತ್ತಾ ಓದುತ್ತಿರುತ್ತಾಳೆ. ಬೈಯಲಿ. ಫೋನ್ ಮಾಡಿದರೆ ಎತ್ತುವುದಿಲ್ಲ, ಬಾಗಿಲಿಗೆ ಬಂದರೆ ಅರ್ಧ ತೆಗೆದು 'ಅಮ್ಮ ಮಲಗಿದ್ದಾರೆ' ಎನ್ನುತ್ತಾಳೆ. ಹರಿದು ಬಿಸಾಡದೆ ಇಲ್ಲಿಯವರೆಗೆ ಓದಿದ್ದರೆ ಅದೇ ನನ್ನ ಪುಣ್ಯ. ಪುಟ್ಟೀ, ನಡುವೆ ಹಾರಿಸಬೇಡ ತಾಯಿ, ಒಂದಕ್ಷರ ಬಿಡದೆ ಓದು.

ನನಗೆ ಬೇಕಾದದ್ದು ಇಷ್ಟೇ. ನಿಮ್ಮನ್ನು ನೋಡಬೇಕು, ಪಕ್ಕದಲ್ಲಿ ಕೂರಬೇಕು. ಪಾರ್ಶ್ವವಾಯು ಬಡಿದು ನಿಮ್ಮ ಬಲಗೈ, ನಾಲಿಗೆ ಎರಡೂ ಬಿದ್ದುಹೋದ ಮೇಲೆ ಪುಟ್ಟಿ ನಿಮ್ಮನ್ನು ಆಸ್ಪತ್ರೆಯಿಂದ ನೇರ ತನ್ನ ಮನೆಗೆ ಕರೆದುಕೊಂಡು ಹೋದಳಲ್ಲ, ಆಗ ಕಾರಿನ ಬಾಗಿಲು ಹಾಕುವ ಮುಂಚೆ ನನ್ನ ಕಡೆ ತಿರುಗಿ, 'ಅಣ್ಣನನ್ನ ತಿಂದ್ಕೊಂಡಿದ್ದು ಸಾಕು, ಅಮ್ಮನನ್ನಾದ್ರೂ ಬಿಡು' ಅಂದಳು. ನೀವು ಒಳಗೆ ಕೂತಿದ್ದಿರಿ. ಬಾಯಿ ಓರೆಯಾಗಿತ್ತು, ಕಣ್ಣು ನನ್ನ ಮೇಲೇ ಇತ್ತು. ಹೌದು ಅನ್ನುತ್ತಿದ್ದ ಕಣ್ಣೋ, ಅಲ್ಲ ಅನ್ನುತ್ತಿದ್ದ ಕಣ್ಣೋ ತಿಳಿಯಲಿಲ್ಲ. ಅವತ್ತಿನಿಂದ ಅದನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದೇನೆ.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಟೀವಿಯ ಎದುರು ನಿಮ್ಮ ಬೆತ್ತದ ಕುರ್ಚಿ, ಅದರ ದಿಂಬಿನಲ್ಲಿ ನಿಮ್ಮ ಬೆನ್ನು ಮಾಡಿದ ತಗ್ಗು, ಕೈಹಿಡಿಗೆ ನೀವು ಸಿಕ್ಕಿಸಿಟ್ಟ ಒರೆಸುವ ಬಟ್ಟೆ. ಕಿಟಕಿಯ ದಪ್ಪ ಪರದೆಯನ್ನೂ ಸರಿಸಿಲ್ಲ. ಮಧ್ಯಾಹ್ನ ಕನ್ನಡಕದ ಅಂಗಡಿ ಮುಚ್ಚಿ ಊಟಕ್ಕೆ ಬಂದರೆ, ಆ ಕತ್ತಲಲ್ಲಿ ನೀವಿನ್ನೂ ಕೂತಿದ್ದೀರಿ ಅನ್ನಿಸುತ್ತದೆ. 'ಬಂದ್ಯಾ? ಬೇಗ ಊಟ ಮುಗಿಸು, ಆಟದಲ್ಲಿ ಆ ಡಾಕ್ಟರನ್ನ ಇವತ್ತು ಬಿಡಬಾರದು' ಎಂದು ಅವಸರ ಮಾಡುತ್ತೀರಿ ಅನ್ನಿಸುತ್ತದೆ. ಯಾರೂ ಇರುವುದಿಲ್ಲ. ತಟ್ಟೆ ಮುಚ್ಚಿಟ್ಟು ಅಂಗಡಿಗೆ ಹೊರಡುತ್ತೇನೆ ಅತ್ತೆ.

ಆ ಆಟ ಶುರುವಾದದ್ದು ನೆನಪಿದೆಯಾ? ನಿಮ್ಮ ಮಗ ಹೋದ ಮೇಲೆ ನಾವಿಬ್ಬರೂ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತ ಅಪರಿಚಿತರ ಹಾಗೆ ಇದ್ದೆವು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ ಮಾತು. ಒಂದು ಮಧ್ಯಾಹ್ನ, ಟೀವಿಗೆ ಸಿಕ್ಕಿಸಿದ್ದ ಅವರ ವಿಡಿಯೋ ಆಟದ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದವಳು, ಏನು ತೋಚಿತೋ, ಗುಂಡಿ ಒತ್ತಿಬಿಟ್ಟೆ. ಅವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಆಟ ಎದ್ದು ನಿಂತಿತು. ಕತ್ತಲೆಯ ದೊಡ್ಡ ಮನೆ, ಉದ್ದನೆಯ ಓಣಿ, ಕೈಯಲ್ಲಿ ಒಂದು ಲಾಟೀನು. ಎಲ್ಲೋ ಗಡಿಯಾರದ ಸದ್ದು. ಅವರು ಹಚ್ಚಿಟ್ಟು ಹೋದ ದೀಪ ಇನ್ನೂ ಉರಿಯುತ್ತಿದೆಯಲ್ಲ ಎಂದು ನನಗೆ ಅಳು ಬಂತು. ನೀವು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಹಿಂದೆ ನಿಂತು, 'ಇದ್ಯಾರ ಮನೆ?' ಅಂದಿರಿ.

'ದೆವ್ವದ ಮನೆ ಅತ್ತೆ. ಕೊಲೆಯಾದವರೆಲ್ಲ ಇಲ್ಲೇ ನಿಂತಿದ್ದಾರೆ. ಕೊಂದವರು ಯಾರು ಅಂತ ನಾವು ಕಂಡುಹಿಡಿಯಬೇಕು' ಅಂದೆ.

'ಅಯ್ಯೋ, ಈ ಪಾಟಿ ಜೇಡರಬಲೆ! ಇಷ್ಟು ಜನ ದೆವ್ವ ಇದ್ದಾರೆ, ಒಬ್ಬರಿಗೂ ಗುಡಿಸೋಕೆ ಕೈ ಬರಲ್ವಾ?' ಅಂದಿರಿ. ನಾನು ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ. ನೀವು ಸಿಡುಕಲಿಲ್ಲ, ಕುರ್ಚಿ ಎಳೆದುಕೊಂಡಿರಿ.

ಪುಟ್ಟೀ, ನಿನಗೆ ಆಟ ಗೊತ್ತಿಲ್ಲ, ಹೇಳುತ್ತೇನೆ. ಆ ಮನೆಯ ಕೋಣೆಕೋಣೆಯಲ್ಲೂ ಒಬ್ಬೊಬ್ಬರು ಸತ್ತವರು ನಿಂತಿರುತ್ತಾರೆ. ಮಾತಾಡುವುದಿಲ್ಲ, ಸುಮ್ಮನೆ ನಿನ್ನನ್ನೇ ನೋಡುತ್ತಾರೆ. ಲಾಟೀನು ಹಿಡಿದು ಡ್ರಾಯರ್ ತೆರೆದು, ಲೋಟ ಮೂಸಿ, ಹಾಸಿಗೆ ಕೊಡವಿ ಸುಳಿವು ಹುಡುಕಬೇಕು. ಕೊನೆಗೆ ಆಟ ಒಂದು ಗೋಡೆಯ ಮುಂದೆ ತಂದು ನಿಲ್ಲಿಸುತ್ತದೆ. ಗೋಡೆಯ ಮೇಲೆ ಮನೆಯವರೆಲ್ಲರ ಚಿತ್ರಗಳು. ಕೊಂದವರ ಚಿತ್ರ ಆರಿಸಿದರೆ, ಸತ್ತವರು ಮುಂಬಾಗಿಲು ದಾಟಿ ಹೊರಟುಹೋಗುತ್ತಾರೆ, ಆ ಕೋಣೆಗೆ ಬೆಳಕು ಬರುತ್ತದೆ. ತಪ್ಪಾದರೆ ಅಲ್ಲೇ ನಿಂತಿರುತ್ತಾರೆ. ಸಾಲಿನ ಕೊನೆಯಲ್ಲಿ ಚಿತ್ರವಿಲ್ಲದ ಒಂದು ಖಾಲಿ ಚೌಕಟ್ಟು ಇದೆ. ಯಾರೂ ಕೊಂದಿಲ್ಲ ಎಂದು ಹೇಳಬೇಕಾದರೆ ಅದನ್ನು ಒತ್ತಬೇಕು. ನಿಮ್ಮಣ್ಣ ಕೆಳಗಿನ ಕೋಣೆಗಳಿಗೆಲ್ಲ ಬೆಳಕು ತಂದಿದ್ದರು. ಮೇಲಿನವು ನಮ್ಮ ಪಾಲಿಗೆ ಉಳಿದಿದ್ದವು.

ಅತ್ತೆ, ನಿಮ್ಮಂಥ ಕೆಟ್ಟ ಪತ್ತೇದಾರರನ್ನು ನಾನು ಕಂಡಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಒಂದು ಸಲವಾದರೂ ಸರಿ ಹೇಳಿದ್ದು ಉಂಟಾ? ಅಡುಗೆಯವಳ ಮೇಲೆ ನನಗೆ ಅನುಮಾನ ಅಂದರೆ, 'ಛೀ, ಪಾತ್ರೆ ನೋಡು, ಹೆಂಗೆ ಬೆಳಗಿಟ್ಟಿದ್ದಾಳೆ! ಇವಳು ಕೊಲೆ ಮಾಡ್ತಾಳಾ?' ಎಂದು ನನ್ನ ಮೇಲೇ ಎಗರಿದಿರಿ. ಕಡೆಗೆ ಅವಳೇ ವಿಷ ಹಾಕಿದವಳು ಎಂದು ಗೊತ್ತಾದಾಗ ನಿಮಗೇ ಯಾರೋ ಮೋಸ ಮಾಡಿದ ಹಾಗೆ ಮುಖ ಊದಿಸಿಕೊಂಡಿರಿ, ಸಂಜೆ ಚಹಾ ಕೂಡ ಕುಡಿಯಲಿಲ್ಲ. ಸುಳಿವು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ತಪ್ಪಾಗುತ್ತಿದೆ ಎಂದು ನೆಪ ಹೇಳಿದಿರೆಂದು ಅಂಗಡಿಯಲ್ಲಿ ನಿಮ್ಮ ಕನ್ನಡಕಕ್ಕೆ ಹೊಸ ಗಾಜು ಕೂರಿಸಿ ತಂದುಕೊಟ್ಟೆ. ಅದನ್ನು ಹಾಕಿಕೊಂಡು ಇನ್ನೂ ಸ್ಪಷ್ಟವಾಗಿ ತಪ್ಪು ಹೇಳಿದಿರಿ. ಆವತ್ತಿನಿಂದಲೇ ಅಲ್ಲವೇ ನೀವು ನನ್ನನ್ನು 'ಕನ್ನಡಕ' ಎಂದು ಕರೆಯತೊಡಗಿದ್ದು?

ಆದರೆ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಆ ಕಂಟ್ರೋಲರ್ ಮಾತ್ರ ನೀವು ಮುಟ್ಟುತ್ತಿರಲಿಲ್ಲ. ಅದಕ್ಕೆ 'ಕಪ್ಪೆ' ಎಂದು ಹೆಸರಿಟ್ಟಿದ್ದಿರಿ. ಚಿತ್ರಗಳ ಗೋಡೆ ಬಂತೆಂದರೆ, 'ಬೊಟ್ಟು ಮಾಡೋದು ನನ್ನ ಕೈಲಾಗಲ್ಲ, ಕಪ್ಪೆ ನಿನ್ನ ಹತ್ರನೇ ಇದೆ, ನೀನೇ ಒತ್ತು' ಎಂದು ಸೆರಗಿನಲ್ಲಿ ಕೈ ಸುತ್ತಿಟ್ಟುಕೊಳ್ಳುತ್ತಿದ್ದಿರಿ. ಸತ್ತವರು ಬಾಗಿಲ ಕಡೆ ನಡೆಯುವಾಗ ಮಾತ್ರ ಮುಂದಕ್ಕೆ ಬಾಗಿ, 'ಹೊಸಿಲು ನೋಡ್ಕೊಂಡು ದಾಟಪ್ಪ' ಎಂದು ಕಳಿಸಿಕೊಡುತ್ತಿದ್ದಿರಿ.

ಹೀಗೆ ಆ ಮನೆಯ ಸಾವುಗಳನ್ನೆಲ್ಲ ಕೆದಕಿ ಕೆದಕಿ ಮಾತಾಡಿದೆವು. ನಮ್ಮ ಮನೆಯ ಸಾವಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಡುವುದಾದರೂ ಏನಿತ್ತು? ಭಾನುವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತಿತು. ತಲೆ ತುಂಬ ಸೋಪು ಹಚ್ಚಿಕೊಂಡು ಬಚ್ಚಲಿನಿಂದ ನಾನು ಕೂಗಿದೆ. ಅಡುಗೆಮನೆಯಿಂದ ನೀವೂ ಕೂಗಿದಿರಿ, 'ಆ ಟ್ಯಾಂಕ್ ಸ್ವಲ್ಪ ನೋಡೋ, ಎಷ್ಟು ಸಲ ಹೇಳೋದು' ಎಂದು. ನಿಮ್ಮ ಮಗ ಏಣಿ ಹತ್ತಿದರು. ದಿನವಿಡೀ ಲಿಫ್ಟ್ ರಿಪೇರಿ ಮಾಡುತ್ತಾ ಎತ್ತರದ ಕಟ್ಟಡಗಳ ಬಾವಿಯಂಥ ಕತ್ತಲಲ್ಲಿ ನೇತಾಡಿ ಬರುವ ಮನುಷ್ಯ. ಅಲ್ಲಿ ಸೊಂಟಕ್ಕೆ ಬೆಲ್ಟ್ ಇಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಇಲ್ಲಿ ನಮ್ಮ ಮನೆಯ ಏಣಿ ತಾನೇ ಎಂದು ಹವಾಯಿ ಚಪ್ಪಲಿಯಲ್ಲೇ ಹತ್ತಿದರು, ಅಂಗಳಕ್ಕೆ ಬಿದ್ದರು.

ಆಮೇಲೆ ಬಂದವರೆಲ್ಲ ಕೇಳಿದ್ದು ಒಂದೇ. ಯಾರು ಹತ್ತಿಸಿದ್ದು? ಪುಟ್ಟಿ ಎಲ್ಲರ ಮುಂದೆ ನನ್ನ ಎದುರು ನಿಂತು, 'ನೀನೇ ತಾನೇ ಕೂಗಿದ್ದು?' ಅಂದಳು. ಹೂಂ ಅಂದೆ, ಕೂಗಿದ್ದೆನಲ್ಲ. ನೀರು ನಿಂತರೆ ಯಾರು ಕೂಗುವುದಿಲ್ಲ ಹೇಳಿ. ನೀವು ಗೋಡೆಗೆ ಒರಗಿ ಕೂತಿದ್ದಿರಿ, ತುಟಿ ಬಿಚ್ಚಲಿಲ್ಲ. ಮಗಳ ಮಾತನ್ನು ಒಪ್ಪಿದ್ದಕ್ಕೋ, ಮಾತೇ ಬೇಡವಾಗಿದ್ದಕ್ಕೋ ನನಗೆ ಗೊತ್ತಾಗಲಿಲ್ಲ. ಆ ಮೌನದ ಜೊತೆ ಒಂದೇ ಸೂರಿನ ಕೆಳಗೆ ಬದುಕಿದೆ. ನೀವು ತಟ್ಟೆಗೆ ಬಡಿಸುವಾಗಲೆಲ್ಲ, ಈ ಕೈ ನನ್ನನ್ನು ಏನೆಂದುಕೊಂಡು ಬಡಿಸುತ್ತಿದೆ ಎಂದು ನೋಡುತ್ತಿದ್ದೆ.

ಕೊನೆಗೆ ಆಟದಲ್ಲಿ ಒಬ್ಬನೇ ಉಳಿದ. ಮೆಟ್ಟಿಲ ಬುಡದಲ್ಲಿ ನಿಂತ ಯುವಕ. ಮೇಲಿನಿಂದ ಬಿದ್ದು ಸತ್ತವನು. ಲಾಟೀನು ಹತ್ತಿರ ಒಯ್ದೆ. 'ಇವತ್ತು ಬೇಡ' ಎಂದು ಎದ್ದುಹೋದಿರಿ. ಮತ್ತೆ ಬಂದು ಕೂತಿರಿ. ಹುಡುಕಿದಷ್ಟೂ ಸುಳಿವುಗಳು ಒಂದೇ ಕಡೆ ಕೈ ತೋರಿಸಿದವು. ಮೇಲಿನ ಮೆಟ್ಟಿಲಿಗೆ ಸವರಿದ್ದ ಸೋಪು, ಸೋಪಿನ ವಾಸನೆಯ ಟವೆಲು, ಆ ಟವೆಲು ಸಿಕ್ಕಿದ ಕೋಣೆ. ಎಲ್ಲ ಅವನ ಹೆಂಡತಿಯದು. ಹಾಳು ಆಟ ಸೋಪನ್ನೇ ಹುಡುಕಿ ಇಡಬೇಕಿತ್ತೇ? ಚಿತ್ರಗಳ ಗೋಡೆಯ ಮುಂದೆ ಬಂದು ನಿಂತೆವು, ಕಪ್ಪೆ ನನ್ನ ಕೈಯಲ್ಲೇ ಇತ್ತು.

'ಅವಳೇ ಅಂತ ತಾನೇ ಇದು ಹೇಳ್ತಿರೋದು?' ಅಂದಿರಿ.

'ಹೂಂ ಅತ್ತೆ.'

'ಕೊಡಿಲ್ಲಿ.'

ಅದೇ ಮೊದಲ ಸಲ ನೀವು ಅದನ್ನು ಕೈಗೆ ತೆಗೆದುಕೊಂಡದ್ದು. ಯಾವುದು ಒತ್ತಬೇಕೆಂದು ಕೇಳಿಕೊಂಡಿರಿ. ನಿಮ್ಮ ಹೆಬ್ಬೆರಳು ತಡವರಿಸುತ್ತಾ ಒಂದೊಂದೇ ಚಿತ್ರ ದಾಟಿತು. ಹೆಂಡತಿಯ ಚಿತ್ರದ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದನ್ನೂ ದಾಟಿ ಖಾಲಿ ಚೌಕಟ್ಟಿನ ಮೇಲೆ ನಿಂತಿದ್ದಿರಿ. ಒತ್ತಿದಿರಿ. ಟೀವಿಯ ಪರದೆ ಕೆಂಪಾಗಿ ಗಂಟೆ ಹೊಡೆಯಿತು. 'ಸತ್ಯ ಇದಲ್ಲ' ಎಂದು ಬರೆದದ್ದನ್ನು ನಾನೇ ಓದಿ ಹೇಳಿದೆ. 'ತಪ್ಪಂತೆ ಅತ್ತೆ.'

'ಅದೇನು ಅಲ್ಲಿತ್ತಾ? ನಾನಿದ್ದೆ' ಅಂದಿರಿ.

ಮತ್ತೆ ಒತ್ತಿದಿರಿ. ಮತ್ತೆ ಗಂಟೆ. ಇನ್ನೊಂದು ಸಲ ಒತ್ತಿದಿರಿ. ಹೀಗೆ ಮೂರು ಸಲ. ಆಮೇಲೆ ಕಪ್ಪೆಯನ್ನು ನನ್ನ ಮಡಿಲಿಗೆ ಹಾಕಿ, 'ಹಾಲು ಒಲೆ ಮೇಲಿದೆ' ಎಂದು ಒಳಗೆ ಹೋದಿರಿ. ಒಲೆಯ ಮೇಲೆ ಹಾಲಿರಲಿಲ್ಲ, ನನಗೆ ಗೊತ್ತಿತ್ತು. ನಾನು ದಿಂಬಿಗೆ ಮುಖ ಒತ್ತಿಕೊಂಡು ಎದೆ ಬಿರಿಯುವ ಹಾಗೆ ಅತ್ತುಬಿಟ್ಟೆ. ಹಿಂದೆಯೇ ಬಂದು ನಿಮ್ಮನ್ನು ತಬ್ಬಿಕೊಳ್ಳಬೇಕಿತ್ತು. ನಾಳೆ ಮಾತಾಡೋಣ, ಇವತ್ತು ಇಬ್ಬರಿಗೂ ಇಷ್ಟೇ ಸಾಕು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ನೀವು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಿರಿ.

ಈಗ ಪುಟ್ಟಿಗೆ ಒಂದು ಮಾತು ಹೇಳಬೇಕು. ನಿಮ್ಮ ಮಾತು ಮೀರುತ್ತಿದ್ದೇನೆ ಅತ್ತೆ, ಕ್ಷಮಿಸಿ.

ಪುಟ್ಟೀ, ಅವತ್ತು ಅಮ್ಮನೂ ನಾನೂ ಅಂಗಳಕ್ಕೆ ಓಡಿದಾಗ ನಿಮ್ಮಣ್ಣನ ಫೋನ್ ಹೂಕುಂಡದ ಪಕ್ಕ ಬಿದ್ದಿತ್ತು. ಅದರೊಳಗಿಂದ 'ಅಣ್ಣಾ, ಏನದು ಸದ್ದು? ಅಣ್ಣಾ, ಇದ್ದೀಯಾ?' ಎಂದು ನಿನ್ನ ಧ್ವನಿ ಬರುತ್ತಲೇ ಇತ್ತು. ಅಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೈ ಚಾಚಿ ಅದನ್ನು ಆಫ್ ಮಾಡಿದರು. ಅವತ್ತೇ ನನ್ನ ಕೈ ಹಿಡಿದು, 'ಅವಳು ಕೇಳಿದ್ರೆ ಫೋನ್ ಜೇಬಲ್ಲಿತ್ತು ಅನ್ನು. ಫೋನ್ ಹಿಡಿಯೋಕೆ ಒಂದು ಕೈ ಏಣಿ ಬಿಟ್ಟಿತ್ತು ಅಂತ ಗೊತ್ತಾದ್ರೆ ಅವಳು ಬದುಕಲ್ಲ' ಅಂದರು. ನೀನು ಕೇಳಲೇ ಇಲ್ಲ. ಯಾವತ್ತೂ ಕೇಳಲಿಲ್ಲವಲ್ಲ, ಅದರಿಂದಲೇ ನಿನಗೆ ಗೊತ್ತಿದೆ ಎಂದು ನನಗೆ ಗೊತ್ತಾಯಿತು.

ನೀನು ನನ್ನ ಮೇಲೆ ಹೊರಿಸಿದಾಗಲೆಲ್ಲ ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿದೆ. ಕಾರಿನ ಹತ್ತಿರವೂ ಬಂದಿತ್ತು, ನುಂಗಿಕೊಂಡೆ. ಈಗ ಬರೆಯುತ್ತಿರುವುದು ಸೇಡಿಗಲ್ಲ. ಸ್ವಲ್ಪ ಸೇಡೂ ಇರಬಹುದು, ನಾನೇನು ದೇವತೆಯಲ್ಲ. ಆದರೆ ಈ ಖಾಲಿ ಮನೆಯಲ್ಲಿ ಕೂತು ಯೋಚಿಸುತ್ತಿದ್ದಾಗ ಒಂದು ಹೊಳೆಯಿತು. ಅಮ್ಮ ಆ ಚೌಕಟ್ಟನ್ನು ಯಾಕೆ ಮೂರು ಸಲ ಒತ್ತಿದರು? ಆಟಕ್ಕೆ ಕೇಳಿಸಲಿಲ್ಲ ಎಂದಲ್ಲ. ಕೂಗಿದವಳು ನಾನು, ಫೋನಿನಲ್ಲಿದ್ದವಳು ನೀನು, ನಮ್ಮಿಬ್ಬರಿಗೂ ಒಂದೊಂದು. ಮೂರನೆಯ ಸಲ ಒತ್ತುವಾಗ ಅವರ ಬೆರಳು ಬಹಳ ಹೊತ್ತು ಹಿಂದೆ ಮುಂದೆ ನೋಡಿತ್ತು. ಅದು ನಿಮ್ಮದೇ ಇರಬೇಕು, ಅಲ್ಲವಾ ಅತ್ತೆ?

ಕಾಗದದ ಜೊತೆ ಆಟದ ಪೆಟ್ಟಿಗೆಯನ್ನೂ ಕಳಿಸಿದ್ದೇನೆ. ಕಪ್ಪೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮೆಟ್ಟಿಲ ಬುಡದವನು ಇನ್ನೂ ಅಲ್ಲೇ ನಿಂತಿದ್ದಾನೆ. ಆಟ ಕೇಳುವ ಉತ್ತರವನ್ನು ನಾನು ಒತ್ತಿದ್ದರೆ ಹೊರಟುಹೋಗುತ್ತಿದ್ದ, ಮನೆಗೆಲ್ಲ ಬೆಳಕಾಗುತ್ತಿತ್ತು. ನನಗೆ ಮನಸ್ಸು ಬರಲಿಲ್ಲ. ಪುಟ್ಟೀ, ಟೀವಿಗೆ ಸಿಕ್ಕಿಸು, ಅಮ್ಮನಿಗೆ ಕನ್ನಡಕ ಹಾಕು, ಅವರ ಎಡಗೈಗೆ ಕಪ್ಪೆ ಕೊಡು. ಎಡಗೈ ಚೆನ್ನಾಗಿದೆ, ಒತ್ತುವುದಕ್ಕೆ ಒಂದು ಹೆಬ್ಬೆರಳು ಸಾಕು. ಚಿತ್ರಗಳ ಗೋಡೆ ಬಂದಾಗ ನೀನೇನೂ ಹೇಳಬೇಡ. ಅವರ ಬೆರಳು ಹೆಂಡತಿಯ ಚಿತ್ರದ ಮೇಲೆ ನಿಂತರೆ ನನಗೆ ಒಂದು ಸಾಲು ಬರೆದು ಹಾಕು, ಆಮೇಲೆ ನಿನ್ನ ಬಾಗಿಲಿಗೆ ಯಾವತ್ತೂ ಬರುವುದಿಲ್ಲ. ಖಾಲಿ ಚೌಕಟ್ಟಿನ ಮೇಲೆ ನಿಂತರೆ ಬಾಗಿಲು ತೆಗೆ. ಗಂಟೆ ಹೊಡೆಯುತ್ತದೆ, ತಪ್ಪು ಅನ್ನುತ್ತದೆ. ಅನ್ನಲಿ ಬಿಡು, ಅದೇನು ಅಲ್ಲಿತ್ತಾ? ನಾವು ಮೂವರೂ ಇದ್ದೆವು.

ಅತ್ತೆ, ಹೊತ್ತಿಗೆ ಸರಿಯಾಗಿ ಔಷಧಿ ನುಂಗಿ, ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಆ ಒಂದು ಕೈ ನನ್ನ ತಲೆಯ ಮೇಲಿರಲಿ. ಓದಿದವಳಿಗೂ ಒಳ್ಳೆಯದಾಗಲಿ.

ದಾರಿ ಕಾಯುತ್ತಿರುವ,
ನಿಮ್ಮ ಕನ್ನಡಕ