ಮೊಣಕೈ ಅಳತೆ

ಮನೆಯಿಂದ
ಮಾರ್ಚ್ ೯, ಭಾನುವಾರ

ಮುದ್ದು ಮಗಳೇ,

"ಕದ ತೆರೆದು ಕರೆದವರ ಮನೆಯೇ ನಿನ್ನ ಮನೆ" ಎಂಬಂಥ ಕವಿತೆಯ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೋ, ಮುಂದಿನ ಸಾಲು ಏನೋ, ನೆನಪಿಲ್ಲ. ಆದರೆ ಆ ಮಾತು ನಿಜವೇ? ಹುಟ್ಟಿದಾಗಿನಿಂದ ನಿನಗೆ ಕದ ತೆರೆದವಳು ನಾನೂ ಇದ್ದೇನಲ್ಲ, ನನ್ನದು ಯಾವ ಲೆಕ್ಕಕ್ಕೆ? ಇರಲಿ. ನಿನ್ನ ಕೆಮ್ಮು ಹೇಗಿದೆ? ಸಿಮೆಂಟಿನ ದೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅಪ್ಪ ಚೆನ್ನಾಗಿದ್ದಾರೆ. ನನ್ನ ಭುಜದ ನೋವು ಮಾತ್ರ ಹಾಗೇ ಇದೆ.

ರಜೆಯಿಡೀ ಆ ಗಿರಣಿ ಕಾಲೊನಿಯಲ್ಲೇ ಉಳಿದು ಹೊಲಿಗೆ ಶೆಡ್ಡಿನ ಬಾಕಿ ದುರಸ್ತಿ ಕೆಲಸ ಮುಗಿಸಲೇ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಈ ಪತ್ರ. ಗುರುವಾರ, ನೀನು ಕಾಲೇಜಿನಲ್ಲಿರುವ ಹೊತ್ತು ನೋಡಿಕೊಂಡು, ನಾನು ಅಲ್ಲಿಗೆ ಹೋಗಿದ್ದೆ. ಗಿರಣಿ ಮುಚ್ಚಿದ ಮೇಲೆ ಅರ್ಧ ಮನೆಗಳಿಗೆ ಬೀಗ ಬಿದ್ದ ಆ ಬೀದಿಯಲ್ಲಿ, ನೀವು ವಿದ್ಯಾರ್ಥಿಗಳು ಸರಿಮಾಡುತ್ತಿರುವ ಶೆಡ್ಡು ಹುಡುಕುವುದು ಕಷ್ಟವಾಗಲಿಲ್ಲ. ಹೊಸ ಕಿಟಕಿಗಳಿದ್ದದ್ದು ಅದೊಂದಕ್ಕೇ. ನೀನು ಬಾಯ್ತುಂಬ ಹೊಗಳುವ ದರ್ಜಿ ಅಕ್ಕ ಒಳಗಿದ್ದರು. ನಾನು ಯಾರೆಂದು ಹೇಳಲಿಲ್ಲ. ಯಾವುದೋ ಸಂಸ್ಥೆಯವಳೆಂದುಕೊಂಡು ಎಲ್ಲವನ್ನೂ ತೋರಿಸಿದರು. ಬಟ್ಟೆ ಕತ್ತರಿಸುವ ಮೇಜುಗಳು ಒಂದೊಂದೂ ಒಂದೊಂದು ಎತ್ತರ. ಪ್ರತಿಯೊಬ್ಬಳನ್ನೂ ನಿಲ್ಲಿಸಿ, ಅವಳ ಮೊಣಕೈ ಎಲ್ಲಿಗೆ ಬರುತ್ತದೆಂದು ಟೇಪು ಹಿಡಿದು ನೋಡಿ ಮಾಡಿಸಿದ್ದಂತೆ ನೀನು. "ಗಿರಣೀಲಿ ಇಷ್ಟು ವರ್ಷ ದುಡಿದ್ವಿ, ಯಾರೂ ಹೀಗೆ ಕೇಳಿರಲಿಲ್ಲ" ಎಂದರು. ನನ್ನನ್ನೂ ಕೇಳಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಅಡುಗೆಮನೆಯ ಕಟ್ಟೆ ಕಟ್ಟಿದವನು ಯಾರ ಮೊಣಕೈ ನೋಡಿದ್ದನೋ, ಅದರ ಮುಂದೆ ನಿಂತೂ ನಿಂತೂ ನನ್ನ ಭುಜ ಹೀಗಾಗಿದ್ದು.

ಆಮೇಲೆ ಅವರು ಅಂದದ್ದು ಕೇಳು: "ಪಾಪ, ಆ ಹುಡುಗಿಗೆ ಮನೇಲಿ ಬಡಿಸೋರು ಯಾರೂ ಇಲ್ಲ ಅನ್ಸುತ್ತೆ. ನಮ್ಮನೇಲಿ ಎರಡೆರಡು ಸಲ ಹಾಕಿಸ್ಕೊಂಡು ತಿಂತಾಳೆ." ನನ್ನ ಮುಂದೆ ತಟ್ಟೆಗೆ ಕೈ ಅಡ್ಡ ಹಿಡಿಯುವವಳು ನೀನು. ನಿಮಗೆ ಮಕ್ಕಳೆಷ್ಟು ಎಂದು ಕೇಳಿದರು. "ಒಬ್ಬಳೇ. ಊಟ ಕಡಿಮೆ" ಎಂದೆ. ಮೈಯೆಲ್ಲ ಉರಿಯುತ್ತಿತ್ತು. ಕವಿತೆ ಓದುವವರ ಹೊಟ್ಟೆಕಿಚ್ಚು ಸ್ವಲ್ಪ ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ ಮಗಳೇ.

ಆದರೂ ಕೆಲಸ ಚೆನ್ನಾಗಿದೆ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆ ಕಿಟಕಿಗಳ ಬೆಳಕಿನಲ್ಲಿ ಹೆಂಗಸರು ಕತ್ತರಿಸುತ್ತಾ ಹೊಲಿಯುತ್ತಾ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಬೀದಿಯಲ್ಲಿ ಬೇರೆಲ್ಲೂ ನಗು ಕೇಳಿರಲಿಲ್ಲ. ಅಲ್ಲೇ ಇದ್ದು ಮುಗಿಸು. ಬಾ ಎಂದು ನಾನು ಹಟ ಹಿಡಿಯುವುದಿಲ್ಲ. ಅಪ್ಪನ ಆಶೀರ್ವಾದ ನಿನಗಿದೆ. ನನ್ನದೂ ಇದೆ, ಸ್ವಲ್ಪ ಮುನಿಸಿನ ಜೊತೆಗೆ.

ನಿನ್ನ
ಅಮ್ಮ

ಇನ್ನೊಂದು ಮಾತು: ಹಟ ಹಿಡಿಯುವುದಿಲ್ಲ ಎಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ರಜೆ ಶುರುವಾದ ಕೂಡಲೇ ಎರಡು ದಿನ ಮನೆಗೆ ಬಾ, ಟೇಪು ಹಿಡಿದುಕೊಂಡು. ಈಗಷ್ಟೇ ಪಕ್ಕದ ಮನೆಯ ಟೀಚರಮ್ಮ ಬಂದಿದ್ದರು. ನಿನ್ನ ಮೇಜುಗಳ ಸುದ್ದಿ ಹೇಳಿದೆ, ಹೆಮ್ಮೆಯಿಂದಲೇ. ಅವರು ಹೊರಡುತ್ತಾ ಬಾಗಿಲಲ್ಲಿ ನಿಂತು ಅಂದರು: "ನಂಗೆ ಗೊತ್ತಲ್ಲ. ಹೋದ ಸಲ ಬಂದಾಗ ನಿಮ್ಮ ಮಗಳು ಅಭ್ಯಾಸಕ್ಕೆ ಅಂತ ಮೊದಲು ನನ್ನ ಮೊಣಕೈನೇ ಅಳೆದದ್ದು. ಅಮ್ಮಂದು ಆಮೇಲೆ ಅಂದಿದ್ಲು. ನಿಮ್ಮದು ಅಳೀಲೇ ಇಲ್ವಾ?"