ಬ್ರೇಕಿನ ಜಾಗದಲ್ಲಿ ಒಂದು ದೀಪ

ಪರೀಕ್ಷಾ ಕೊಠಡಿ, ಲಿಫ್ಟ್ ಕಾರ್ಖಾನೆ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಅಕ್ಕರೆಯ ಮಗಳೇ,

ಮೊಣಕಾಲಿನ ನೋವು ಈಗ ಹೇಗಿದೆ? ಪಾಳಿ ಮುಗಿದ ಮೇಲಾದರೂ ಕಾಲು ಚಾಚಿ ಕೂರುತ್ತೀಯೋ, ಇಲ್ಲವೋ? ನಾನೂ ನಿನ್ನ ಅಮ್ಮನೂ ಕ್ಷೇಮ. ನಿವೃತ್ತನಾದವನನ್ನು ಮತ್ತೆ ಕರೆದರೆಂದು ಹಿಗ್ಗಿ ಹೊರಟವನ ಮುಖ ಈಚೆಗೆ ಸಪ್ಪಗಾಗಿದೆ ಎಂದು ಅವಳು ಆಡಿಕೊಳ್ಳುತ್ತಾಳೆ.

ಕರೆದ ಕಾರಣ ನಿನಗೆ ಗೊತ್ತು. ಲಿಫ್ಟ್ ನಡೆಸುವ ಪ್ರೋಗ್ರಾಮನ್ನು ಅಂದು ಬರೆದದ್ದು ಅಸೆಂಬ್ಲಿಯಲ್ಲಿ, ಅಂದರೆ ಲಿಫ್ಟಿನೊಳಗಿನ ಆ ಒಂದು ಚಿಪ್‌ಗೆ ಮಾತ್ರ ತಿಳಿಯುವ ಭಾಷೆಯಲ್ಲಿ. ಆ ಚಿಪ್ ಈಗ ಸಿಗುವುದಿಲ್ಲ. ಹೊಸದರ ಭಾಷೆಯೇ ಬೇರೆ. ಸಾಲುಸಾಲನ್ನೂ ಅದಕ್ಕೆ ಹೊಂದಿಸಿ ಬರೆದೆವು. ಬಾಗಿಲು ತೆರೆಯುವ ಆಜ್ಞೆಗೆ ಮುನ್ನ ಸುಮ್ಮನೆ ಅಂಕಿ ಎಣಿಸುವ ಸಾಲುಗಳಿದ್ದವು. ಅವನ್ನೂ ಹಾಗೆಯೇ ದಾಟಿಸಿದೆವು. ಇಂದು ಬೆಳಗ್ಗೆ ನಿಮ್ಮ ಆಸ್ಪತ್ರೆಯ ಲಿಫ್ಟಿಗೆ ಹೊಸ ಚಿಪ್ ಇರುವ ಕಾರ್ಡನ್ನು ಕೂರಿಸಿದರು. ಆಮೇಲೆ, ಚಹಾ ಆರಲೆಂದು ಕಾಯುತ್ತಿದ್ದಾಗ ನನಗೆ ಹೊಳೆಯಿತು: ಆ ಎಣಿಕೆ ವ್ಯರ್ಥವಲ್ಲ, ಬ್ರೇಕ್ ಗಟ್ಟಿಯಾಗಿ ಹಿಡಿಯುವವರೆಗೆ ಕಾಯುವ ಉಪಾಯ. ಹಳೆಯ ಚಿಪ್ ನಿಧಾನವಾಗಿ ಎಣಿಸುತ್ತಿತ್ತು. ಹೊಸದು ರೆಪ್ಪೆ ಬಡಿಯುವುದರೊಳಗೆ ಮುಗಿಸುತ್ತದೆ. ಹಾಗಾದರೆ ಲಿಫ್ಟ್ ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದೀತು.

ಓಡಿಹೋಗಿ ಹೇಳಿದೆ. "ಸಾವಿರ ಸಲ ಓಡಿಸಿ ನೋಡಿದ್ದೀವಿ ಸಾರ್, ಒಂದು ಸಲಾನೂ ತಪ್ಪಿಲ್ಲ. ನಿಮ್ಗೆ ವಯಸ್ಸಾಯ್ತು, ಎಲ್ಲದಕ್ಕೂ ಹೆದರ್ತೀರ" ಎಂದರು ವಿಭಾಗದ ಮುಖ್ಯಸ್ಥರು. ಆದರೆ ಪರೀಕ್ಷೆಯ ಮೇಜಿನ ಮೇಲೆ ಬ್ರೇಕಿನ ಜಾಗದಲ್ಲಿರುವುದು ಒಂದು ಪುಟ್ಟ ದೀಪ. ದೀಪ ತಕ್ಷಣ ಉರಿಯುತ್ತದೆ. ಬ್ರೇಕಿಗೆ ಸಮಯ ಬೇಕು. ಫೋನ್ ಮಾಡಿದರೆ ನೀನೂ ನಕ್ಕೆ: "ಅಪ್ಪಾ, ನಿಮ್ಗೆ ಕನಸಲ್ಲೂ ಲಿಫ್ಟೇ ಬರುತ್ತೆ." ಬರುತ್ತದೆ, ಮಗೂ. ರೋಗಿಯ ಸ್ಟ್ರೆಚರನ್ನು ಎಳೆದುಕೊಂಡು ನೀನು ಹಿಮ್ಮುಖವಾಗಿ ಲಿಫ್ಟನ್ನು ಹೊಗುವುದನ್ನು ಕಣ್ಣಾರೆ ಕಂಡವನು ನಾನು. "ನನ್ನ ಬೆನ್ನಿಗೂ ಕಣ್ಣಿದೆ" ಎನ್ನುತ್ತೀಯಲ್ಲ.

ದೀಪವನ್ನು ತೆಗೆದು ನಿಜವಾದ ಬ್ರೇಕನ್ನೇ ಜೋಡಿಸಿ ನೋಡಬೇಕೆಂದು ಹಟ ಹಿಡಿದಿದ್ದೇನೆ. ಮೆಕ್ಯಾನಿಕ್ ಅದನ್ನು ತರಲು ಉಗ್ರಾಣಕ್ಕೆ ಹೋಗಿದ್ದಾನೆ. ನನ್ನ ಭಯ ಸುಳ್ಳಾಗಲಿ. ಮುದುಕನ ಭ್ರಮೆಯೆಂದು ಎಲ್ಲರೂ ನಗಲಿ. ನೀನು ನೂರ್ಕಾಲ ಸುಖವಾಗಿ ಬಾಳು.

ನಿನ್ನ ಅಪ್ಪ

ತಾ. ಕ.: ಬ್ರೇಕ್ ಜೋಡಿಸಿದೆವು. ಬ್ರೇಕ್ ಹಿಡಿದು ನಿಲ್ಲಿಸಬೇಕಾದ ರಾಟೆ ಇನ್ನೂ ತಿರುಗುತ್ತಿರುವಾಗಲೇ ಬಾಗಿಲು ತೆರೆಯುವ ಆಜ್ಞೆ ಹೊರಟಿತು. ಮುಖ್ಯಸ್ಥರು ಬಿಳಿಚಿಕೊಂಡು ನಿಮ್ಮ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಇದ್ದಾರೆ, ಯಾರೂ ಎತ್ತುತ್ತಿಲ್ಲ. ನೀನೂ ಎತ್ತುತ್ತಿಲ್ಲ. ಹಳೆಯ ಕಾರ್ಡನ್ನೂ ಈ ಪತ್ರವನ್ನೂ ಕಾರ್ಖಾನೆಯ ಚಾಲಕನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಓದಿದ ಕೂಡಲೇ ಲಿಫ್ಟನ್ನು ನಿಲ್ಲಿಸಲು ಹೇಳು. ಅಲ್ಲಿಯವರೆಗೆ ಹಿಮ್ಮುಖವಾಗಿ ಒಂದು ಹೆಜ್ಜೆಯನ್ನೂ ಇಡಬೇಡ, ಮಗಳೇ.