ಅಂದಾನಪ್ಪನ ಪಡಸಾಲೆಯಲ್ಲಿ ಅಂತರಿಕ್ಷ

ಹುನಗುಂದ
19 ಜನವರಿ 1986, ರವಿವಾರ

ಇವತ್ತೂ ಅದೇ. ಆಂಟೆನಾ ತಿರುಗಿಸಲು ಮಾಳಿಗೆಯ ಮೇಲೆ ಒಬ್ಬ. ಕೆಳಗೆ ನಿಂತು “ಬಂತು… ಹೋತು… ಹಾಂ, ಹಂಗ ಹಿಡಿ” ಎಂದು ಕೂಗಲು ಹತ್ತು ಮಂದಿ. ಚಿತ್ರ ನಿಲ್ಲುವಷ್ಟರಲ್ಲಿ ನೌಕೆ ಚಂದ್ರನನ್ನು ದಾಟಿ ಹೋಗಿತ್ತು.

ಓಣಿಗೆ ಒಂದೇ ಟೀವಿ, ಕಿರಾಣಿ ಅಂಗಡಿ ಅಂದಾನಪ್ಪನವರದು. ರವಿವಾರದ ಈ ಅಂತರಿಕ್ಷದ ಧಾರಾವಾಹಿ ಹಿಂದಿಯದು. ಓಣಿಯಲ್ಲಿ ಹಿಂದಿ ಬಲ್ಲವನು ನಾನೊಬ್ಬ — ಹೈಸ್ಕೂಲಿನಲ್ಲಿ ಅದನ್ನೇ ಕಲಿಸುವುದು ನನ್ನ ಹಣೆಬರಹ. ಹೀಗಾಗಿ ಟೀವಿಯ ಪಕ್ಕ ನನಗೊಂದು ಸ್ಟೂಲು. ಅವರು ಹಿಂದಿಯಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ ಕೂಗುತ್ತೇನೆ. ನೋಟ್ಸ್ ಬರೆದುಕೊಳ್ಳುವುದು ಯಾವಾಗ?

ಬರೆದುಕೊಳ್ಳಲೇಬೇಕು. ಇದನ್ನು ಕನ್ನಡದಲ್ಲಿ ಕಾದಂಬರಿ ಮಾಡಲು ಬಾಗಲಕೋಟೆಯ ಪ್ರೆಸ್ಸಿನ ಗುರಲಿಂಗಪ್ಪ ಮುಂಬಯಿಯ ಲೇಖಕರಿಂದ ಒಪ್ಪಿಗೆ ತರಿಸಿದ್ದಾನೆ. ಬರೆಯಲು ನನ್ನನ್ನು ಹಿಡಿದಿದ್ದಾನೆ. ಸ್ಕ್ರಿಪ್ಟ್ ಕಳಿಸುತ್ತೇವೆ ಅಂದಿದ್ದರು. ಮೊದಲ ಮೂರು ಕಂತು ಬಂದವು, ಆಮೇಲೆ ಟಪಾಲಿನವನು ನಮ್ಮ ಮನೆಯನ್ನೇ ಮರೆತ. ಉಳಿದದ್ದನ್ನು ನೋಡಿಯೇ ಬರೆಯಬೇಕು. ನೋಡಬೇಕೆಂದರೆ ಕೂಗಬೇಕು.

“ಮಾಸ್ತರ, ಆಕಿ ಏನಂದ್ಲು?”

“ಗಂಡಗ ಹುಷಾರಾಗಿ ಹೋಗಿ ಬಾ ಅಂದ್ಲು.”

“ಅಷ್ಟ ಅನ್ನಾಕ ಇಷ್ಟೊತ್ತ ಬೇಕಾತೇನು?”

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

22 ಜನವರಿ, ಬುಧವಾರ

ನಾಲ್ಕನೆಯ ಅಧ್ಯಾಯ. ಟೀವಿಯಲ್ಲಿ ಕ್ಯಾಪ್ಟನ್ ವಿಕ್ರಾಂತ ಕಿಟಕಿಯಿಂದ ಭೂಮಿಯನ್ನು ನೋಡುತ್ತಾನೆ. ಹಿಂದೆ ಸಿತಾರ್. ಮುಖ, ಸಿತಾರ್, ಮತ್ತೆ ಮುಖ. ಸಿತಾರನ್ನು ಹೇಗೆ ಬರೆಯಲಿ? ಅವನ ಮನಸ್ಸಿನಲ್ಲಿ ಏನೇನೋ ತುಂಬಿ ಎರಡು ಪುಟ ಎಳೆದೆ. ಓದಿದರೆ ಅಂತರಿಕ್ಷದ ಕ್ಯಾಪ್ಟನ್ ಅಲ್ಲ, ವರ್ಗವಾದ ಮಾಸ್ತರ. ಹರಿದು ಹಾಕಿದೆ. ಒಂದೇ ಸಮಾಧಾನ — ಟೀವಿಯಲ್ಲಿ ನೌಕೆಯ ಗೋಡೆಗೆ ಕೈ ತಾಗಿದರೆ ಅಲುಗುತ್ತದೆ, ರಟ್ಟು. ನನ್ನ ಪುಸ್ತಕದಲ್ಲಿ ಉಕ್ಕು.

ಪ್ರೆಸ್ಸಿನ ಕಂಪೋಸಿಟರ್ ಮೀರಾಸಾಬ ಬಸ್ಸಿನವರ ಕೈಯಲ್ಲಿ ಚೀಟಿ ಕಳಿಸಿದ್ದಾನೆ: “ಕ್ಷ ಅಕ್ಷರದ ಅಚ್ಚಿನ ಮೊಳಿ ಮುಗದಾವ್ರಿ. ಅಂತರಿಕ್ಷ ತಗದು ಆಕಾಶ ಅಂತ ಹಾಕಲೇನ್ರಿ? ನಕ್ಷತ್ರಕ್ಕ ಚಿಕ್ಕಿ ನಡೀತೈತಿ.” ಹಾಕು ಮಾರಾಯ, ಹಾಕು.

2 ಫೆಬ್ರುವರಿ, ರವಿವಾರ

ಒಂದು ತಪ್ಪು ಮಾಡಿದೆ.

ನೌಕೆಯ ಇಂಧನ ಮುಗಿದಿದೆ. ಕ್ಯಾಪ್ಟನ್ ರೇಡಿಯೋದಲ್ಲಿ ಹೆಂಡತಿ ಸುಧಾಗೆ ಹೇಳಿದ — ಮರಳಿ ಬರಲಾರೆ, ನನಗಾಗಿ ಕಾಯಬೇಡ. ಸ್ಪಷ್ಟವಾದ ಹಿಂದಿ. ನನ್ನ ಎಂಟನೆಯ ಇಯತ್ತೆಯ ಹುಡುಗರಿಗೂ ತಿಳಿಯುವಂಥದು.

“ಏನಂದ್ನೋ?” ಎಂದಳು ಅಕ್ಕ.

ರಂಗವ್ವಕ್ಕ ಪ್ರತಿ ರವಿವಾರ ಮೊರದಲ್ಲಿ ಶೇಂಗಾ ತುಂಬಿಕೊಂಡು ಬಾಗಿಲ ಹತ್ತಿರ ಕೂಡುತ್ತಾಳೆ. ಸುಲಿಯುವ ಕೈ ನಿಂತಿತ್ತು. ಅವಳ ಗಂಡ ಮಲಕಪ್ಪ ಗೋವಾ ಬಂದರಿನ ಕೆಲಸಕ್ಕೆ ಹೋದವನು ಒಂದು ದೀಪಾವಳಿಗೆ ಬಂದ, ಆಮೇಲೆ ಬರಲೇ ಇಲ್ಲ. ಎರಡು ಸಲ ಹೋಗಿ ಹುಡುಕಿದೆ, ಸುಳಿವು ಸಿಗಲಿಲ್ಲ. ಮಕ್ಕಳಿಲ್ಲ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ, ಹಣೆತುಂಬ ಕುಂಕುಮ ಇಟ್ಟುಕೊಂಡು.

ಆ ಮುಖ ನೋಡಿ ನಾಲಿಗೆ ತಾನೇ ಹೊರಳಿತು. “ತಡ ಆಕ್ಕೈತಿ, ಆದ್ರ ಬಂದ ಬರ್ತೇನಿ ಅಂದ.”

ಅಕ್ಕ ಮತ್ತೆ ಶೇಂಗಾ ಸುಲಿಯತೊಡಗಿದಳು. ಮನೆಗೆ ಬಂದು ಕಾದಂಬರಿಯಲ್ಲಿ ಮಾತ್ರ ಅವನು ಅಂದದ್ದನ್ನೇ ಬರೆದೆ.

9 ಫೆಬ್ರುವರಿ, ರವಿವಾರ

ಒಂದು ಸುಳ್ಳು ಹೇಳಿದವನ ಪಾಡು! ಸುಧಾ ಈಗ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲೊಬ್ಬ ಡಾಕ್ಟರ್, ಒಳ್ಳೆಯವನು. ಇಬ್ಬರೂ ಕೂತು ಚಹಾ ಕುಡಿದರು. “ಅಂವ ಯಾರ್ರೀ ಮಾಸ್ತರ?” ಗಂಡ ಬರುತ್ತಾನೆ ಎಂದಿದ್ದೇನಲ್ಲ, ಏನು ಹೇಳಲಿ? “ಆಕಿ ಅಣ್ಣ” ಅಂದುಬಿಟ್ಟೆ.

“ಅಣ್ಣ ಇದ್ದಾನಲ್ಲ, ಚೊಲೊ ಆತು ಬಿಡ್ರಿ,” ಎಂದರು ಅಂದಾನಪ್ಪ.

13 ಫೆಬ್ರುವರಿ, ಗುರುವಾರ

ಸೋದರತ್ತೆ ಹುಚ್ಚವ್ವತ್ತಿ ಬಂದಿದ್ದಳು. ರಾಮಥಾಳದ ಅಮಸಿದ್ದಪ್ಪ ಅಕ್ಕನನ್ನು ಉಡಿಕಿ ಮಾಡಿಕೊಳ್ಳಲು ಕೇಳಿ ಕಳಿಸಿದ್ದಾನೆ. ಹೆಂಡತಿ ತೀರಿಹೋಗಿದ್ದಾಳೆ. ಎರಡು ಎಕರೆ ಹೊಲ, ಒಂದಿಷ್ಟು ಕುರಿ, ಸಣ್ಣ ಮಗಳು. ಕುಡಿಯುವುದಿಲ್ಲ. ನಮ್ಮಲ್ಲಿ ಗಂಡ ಬಿಟ್ಟುಹೋದವಳಿಗೆ ಎರಡನೆಯ ಸಲ ಸೀರೆ ಉಡಿಸಿ ಕರೆದೊಯ್ಯುವ ಈ ಉಡಿಕಿ ಹಿಂದಿನಿಂದ ನಡೆದುಬಂದದ್ದು, ಯಾರೂ ಬೆರಳು ತೋರಿಸುವುದಿಲ್ಲ. ನನಗೆ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಅಕ್ಕ ರೊಟ್ಟಿ ಬಡಿಯುತ್ತಲೇ ಅಂದಳು: “ಟೀವ್ಯಾಗಿನ ಆ ಕ್ಯಾಪ್ಟನ್ ಬರೂತನ ತಡೀರಿ. ಅಂವ ಬಂದ್ರ, ನಮ್ಮಂವನೂ ಬರ್ತಾನ. ನಾ ಹಂಗಂತ ಮನಸಿನ್ಯಾಗ ಬೀರಪ್ಪಗ ಹರಕಿ ಹೊತ್ತೇನಿ.”

ಹೆಂಡತಿ ಮಾಯವ್ವ ನನ್ನ ಮುಖ ನೋಡಿದಳು. ಅವಳಿಗೆ ಮಾತ್ರ ನಿಜ ಹೇಳಿದ್ದೆ. ಆಮೇಲೆ ಹಿತ್ತಲಲ್ಲಿ ಹಿಡಿದು ನಿಲ್ಲಿಸಿದಳು. “ಹೋಗಿ ಖರೆ ಹೇಳ್ರಿ.”

“ಹೆಂಗ ಹೇಳ್ಲಿ?”

“ಸುಳ್ಳ ಹೆಂಗ ಹೇಳಿದ್ರಿ, ಹಂಗ ಹೇಳ್ರಿ.”

ಹೇಳಲಿಲ್ಲ. ಸಂಜೆಯಿಡೀ ಅಕ್ಕನ ಸುತ್ತ ಸುಳಿದಾಡಿ ಬಂದೆ. ನನ್ನ ಮೇಲೆ ನನಗೇ ಸಿಟ್ಟು.

16 ಫೆಬ್ರುವರಿ, ರವಿವಾರ

ಅನಾಹುತ. ಡಾಕ್ಟರ್ ಸುಧಾಳ ಕೈ ಹಿಡಿದ. ಮದುವೆಯಾಗೋಣ ಅಂದ. ಪಡಸಾಲೆಯಲ್ಲಿ ಹಾಹಾಕಾರ.

“ಅಣ್ಣ ಆಗಿ ತಂಗಿ ಕೈ ಹಂಗ ಹಿಡೀತಾನೇನ್ರಿ?”

“ಮುಂಬೈದವ್ರು! ನಾಚಿಕಿ ಇಲ್ಲ!”

ಅಂದಾನಪ್ಪನವರ ತಾಯಿ ಟೀವಿ ಬಂದ್ ಮಾಡಲು ಎದ್ದೇಬಿಟ್ಟರು. “ಹೆಣ್ಮಕ್ಕಳು ಕೂಡೂ ಮನಿ ಇದು!” ನಾನು ಸ್ಟೂಲಿನಿಂದ ಎದ್ದು ಅಡ್ಡ ನಿಂತೆ. “ಒಡಹುಟ್ಟಿದ ಅಣ್ಣ ಅಲ್ರೀ… ಓಣ್ಯಾಗಿನ ಅಣ್ಣ…” ಇನ್ನಷ್ಟು ಕೆಟ್ಟಿತು. ಓಣಿಯ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈ ಗಲಾಟೆಯಲ್ಲಿ ಸುಧಾ ಅವನಿಗೆ ಕೊಟ್ಟ ಉತ್ತರ ನನಗೇ ಕೇಳಿಸಲಿಲ್ಲ. ಈಗ ಅಧ್ಯಾಯ ಹತ್ತನ್ನು ಏನಂತ ಬರೆಯಲಿ?

ಅಕ್ಕ ಮೊರದಲ್ಲಿ ಸಿಪ್ಪೆ ಎಲ್ಲಿ, ಕಾಳು ಎಲ್ಲಿ ಎಂದು ಹುಡುಕುತ್ತಿದ್ದಳು.

2 ಮಾರ್ಚ್, ರವಿವಾರ

ಕೊನೆಯ ಕಂತು.

ಕರೆಂಟು ಹೋಗಲಿ ಎಂದು ಬೆಳಗಿನಿಂದ ಬೇಡಿಕೊಂಡೆ. ದಿನಾ ಹೋಗುವುದು ಇವತ್ತು ಹೋಗಲಿಲ್ಲ.

ನೌಕೆಯ ದೀಪಗಳು ಒಂದೊಂದಾಗಿ ಆರಿದವು. ಸುಧಾ ಗೋಡೆಯ ಮೇಲಿದ್ದ ಕ್ಯಾಪ್ಟನ್ ಫೋಟೋ ಇಳಿಸಿ, ಒರೆಸಿ, ಹೂವಿನ ಹಾರ ಹಾಕಿದಳು. ಅದರ ಮುಂದೆ ನಿಂತು ಮಾತಾಡಿದಳು. ಓಣಿಯೆಲ್ಲ ನನ್ನ ಕಡೆ ತಿರುಗಿತು. “ಮಾಸ್ತರ? ಏನಂತಾಳ?” ಹಾರ ಹಾಕಿದ ಫೋಟೋಕ್ಕೆ ಯಾವ ಸುಳ್ಳು ಹೊಂದುತ್ತದೆ?

ಆಗ ಬಾಗಿಲ ಹತ್ತಿರದಿಂದ ಅಕ್ಕನ ದನಿ.

“ನೀ ಬರಂಗಿಲ್ಲ, ನನಗ ಗೊತ್ತಾತು ಅಂತಾಳ. ಇನ್ನ ನಾ ಕಾಯಂಗಿಲ್ಲ ಅಂತಾಳ.”

ಅಕ್ಕನಿಗೆ ಒಂದಕ್ಷರ ಹಿಂದಿ ಬರುವುದಿಲ್ಲ. ಸುಧಾ ಅಂದದ್ದು ಅದನ್ನೇ.

ಕೊನೆಗೆ ಸುಧಾ ಬಾಗಿಲು ತೆರೆದು ಹೊರಗೆ ಹೋದಳು. ಕ್ಯಾಮೆರಾ ಬೆನ್ನ ಹಿಂದೆಯೇ ನಿಂತಿತು, ಮುಖ ತೋರಿಸಲಿಲ್ಲ. ಮುಗಿಯಿತು.

3 ಮಾರ್ಚ್, ಸೋಮವಾರ

ಬೆಳಿಗ್ಗೆ ಚಹಾ ಕೊಡಲು ಬಂದ ಅಕ್ಕ ಕಪ್ಪನ್ನು ಕುಕ್ಕಿದಳು.

“ಆ ಕ್ಯಾಪ್ಟನ್ ಅವತ್ತ ಏನಂದಿದ್ದ?”

ಹೇಳಿದೆ. ಎಲ್ಲ ಹೇಳಿದೆ.

“ಓಣಿಗೆ ಸುಳ್ಳ ಹೇಳಿದ್ಯೋ, ನನಗ ಹೇಳಿದ್ಯೋ?”

“ನಿನಗ.”

“ನಾ ಸಣ್ಣ ಕೂಸೇನೋ? ನಮ್ಮಂವ ಹೋದಾಗಿಂದ ನೀವೆಲ್ಲಾರೂ ನನ್ನ ಮುಂದ ಮೆಲ್ಲಕ ಮಾತಾಡ್ತೀರಿ. ಯಾರರ ಒಬ್ರು ‘ಸಾಕು, ಅಂವ ಬರಂಗಿಲ್ಲ’ ಅಂದಿದ್ರ ಅವತ್ತ ಅತ್ತು ಮುಗಸ್ತಿದ್ನೆಲ್ಲೋ! ಒಬ್ಬರೂ ಅನ್ನಲಿಲ್ಲ. ಟೀವ್ಯಾಗಿನಂವ ಅಂದ್ರ ಅದನ್ನೂ ನೀ ಮುಚ್ಚಿಟ್ಟಿ.”

ಒಳಗೆ ಹೋದಳು. ಅಳುವುದು ಕೇಳಿಸಿತು. ನಾನು ಕೂತಲ್ಲೇ ಕೂತಿದ್ದೆ. ಚಹಾ ಆರಿತು. ಮನಸ್ಸಿಗೆ ಇಷ್ಟು ಕೆಟ್ಟದೆನಿಸಿದ್ದು ಇದೇ ಮೊದಲು.

14 ಮಾರ್ಚ್, ಶುಕ್ರವಾರ

ಅಕ್ಕ ಇನ್ನೂ ಮಾತಾಡಿಲ್ಲ. ರೊಟ್ಟಿಯನ್ನು ಮಾಯವ್ವನ ಕೈಯಲ್ಲಿ ಕಳಿಸುತ್ತಾಳೆ.

ಅದರ ಮೇಲೆ ಇವತ್ತು ಗುರಲಿಂಗಪ್ಪ ಬಾಗಲಕೋಟೆಯಿಂದ ಬಂದು ವಕ್ಕರಿಸಿದ. “ಕ್ಯಾಪ್ಟನ್ನ ಕರಕೊಂಡ ಬರ್ರಿ ಸರ. ಓಣ್ಯಾಗೆಲ್ಲಾ ಕೇಳಿದ್ನಿ, ನೀವು ಹೇಳಿದ ಕಥಿನ ಚೊಲೊ ಇತ್ತಂತ. ಟೀವಿದು ಕೆಟ್ಟೈತಿ ಅಂತಾರ.”

“ಬರೆದವ್ರು ಹಂಗ ಬರದಾರ.”

“ಬರದವ್ರು ಮುಂಬಯ್ದಾಗ ಅದಾರ್ರೀ. ಅವ್ರಿಗೆ ಕನ್ನಡ ಎಲ್ಲಿ ಬರ್ತೈತಿ?”

ಸಿಟ್ಟು ನೆತ್ತಿಗೇರಿತು. ನನ್ನ ಇಡೀ ತಪ್ಪನ್ನೇ ಅಚ್ಚು ಹಾಕಿ ಮಾರುತ್ತೇನೆ ಅನ್ನುತ್ತಾನಲ್ಲ ಇವನು! ಆಗುವುದಿಲ್ಲ ಅಂದೆ. ಹಸ್ತಪ್ರತಿ ಕೊಡುವುದಿಲ್ಲ ಅಂದೆ. ಗಲಾಟೆ ಕೇಳಿ ಅಕ್ಕ ಹೊರಗೆ ಬಂದಳು. ಗುರಲಿಂಗಪ್ಪನತ್ತ ನೋಡಲೂ ಇಲ್ಲ.

“ಅವತ್ತಿಂದು ಏನ್ ಬರದೀ? ಓದು.”

ಹುಡುಕಿ ಓದಿದೆ. “‘ಸುಧಾ, ಇಂಧನ ಮುಗಿದಿದೆ. ನಾನು ಮರಳಿ ಬರುವುದಿಲ್ಲ. ನನಗಾಗಿ ಕಾಯಬೇಡ.’”

“ಇನ್ನೊಮ್ಮೆ.”

ಓದಿದೆ.

“ಹಾಂ. ಇದರಾಗರ ಸರಿ ಬರದೀ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಹುಚ್ಚವ್ವತ್ತಿಗೆ ಹೇಳಿ ಕಳಸು. ರಾಮಥಾಳದವ್ರು ಬರ್ಲಿ.”

ಗುರಲಿಂಗಪ್ಪ ಏನೂ ತಿಳಿಯದೆ ಇಬ್ಬರನ್ನೂ ನೋಡಿದ. ಆಮೇಲೆ ಟೋಪಿ ಹಾಕಿಕೊಂಡ. “ಹಂಗಾರ ಹಂಗ ಬರೀರಿ ಮತ್ತ. ಲಗೂನ ಬರೀರಿ.”

13 ಏಪ್ರಿಲ್, ರವಿವಾರ. ಬೆಳಿಗ್ಗೆ

ಕೊನೆಯ ಅಧ್ಯಾಯ ಇನ್ನೂ ನನ್ನ ಕೈಯಲ್ಲೇ. ಕ್ಷ ಮೊಳೆ ಗದಗಿನಿಂದ ತರಿಸಿದ್ದಾನಂತೆ ಮೀರಾಸಾಬ. ಈಗ ಬೇಕಾದಷ್ಟು ಅಂತರಿಕ್ಷ ಬರೆಯಬಹುದು. ಆದರೆ ಉಳಿದಿರುವುದು ಒಂದು ಬಾಗಿಲು ಮಾತ್ರ. ಕ್ಯಾಮೆರಾ ಬೆನ್ನ ಹಿಂದೆ ನಿಂತುಬಿಟ್ಟಿತಲ್ಲ, ಸುಧಾಳ ಮುಖ ಹೇಗಿತ್ತು? ಒಂದು ತಿಂಗಳಿನಿಂದ ಬರೆದದ್ದೆಲ್ಲ ಹರಿದು ಹಾಕಿದ್ದೇನೆ. ಅವಳನ್ನು ಅಳಿಸಿದರೆ ಸುಳ್ಳು. ನಗಿಸಿದರೂ ಸುಳ್ಳು.

ಮನೆಯ ತುಂಬ ಗದ್ದಲ. ಉಡಿಕಿಯನ್ನು ಕತ್ತಲಾದ ಮೇಲೆ, ಒಳಕೋಣೆಯಲ್ಲಿ, ನಾಲ್ಕು ಜನರಲ್ಲಿ ಮುಗಿಸುವುದು ರೂಢಿ. ಹಿರಿಯರೂ ಹಾಗೇ ಅಂದರು. ಅಕ್ಕ ಕೇಳಬೇಕಲ್ಲ. “ಕತ್ತಲ್ಯಾಗ ಯಾಕ? ನಾ ಏನ್ ಕಳವು ಮಾಡೇನೇನು? ರವಿವಾರ ಟೀವಿ ಹೊತ್ತಿನ್ಯಾಗ ಇಡ್ರಿ. ಓಣಿ ಎಲ್ಲಾ ಕೂಡಿರ್ತೈತಿ.” ಮೂರು ದಿನ ಜಗಳ. ಗೆದ್ದವಳು ಅವಳೇ. ಅಂದಾನಪ್ಪ ಇವತ್ತು ಟೀವಿ ಬಂದ್ ಇಟ್ಟು ಚಾಪೆಗಳನ್ನೆಲ್ಲ ನಮ್ಮ ಅಂಗಳಕ್ಕೆ ಕಳಿಸಿದ್ದಾರೆ.

ಅಮಸಿದ್ದಪ್ಪ ಇಳಕಲ್ಲ ಸೀರೆ ತಂದಿದ್ದಾನೆ, ದಾಳಿಂಬರಿ ಬಣ್ಣ. ಮಗಳನ್ನೂ ಕರೆತಂದಿದ್ದಾನೆ, ಆ ಕೂಸು ಆಗಲೇ ಅಕ್ಕನ ಶೇಂಗಾ ಮೊರದ ಮುಂದೆ ಕೂತಿದೆ. ಮಾಯವ್ವ ಒಳಗೆ ಅಕ್ಕನಿಗೆ ಸೀರೆ ಉಡಿಸುತ್ತಿದ್ದಾಳೆ. ನಾನು ಇಲ್ಲಿ ಪಡಸಾಲೆಯ ಮೂಲೆಯಲ್ಲಿ ಪೆನ್ನು ಹಿಡಿದು ಕೂತು ಎಲ್ಲರಿಂದ ಬೈಸಿಕೊಳ್ಳುತ್ತಿದ್ದೇನೆ.

ಒಳಕೋಣೆಯ ಅಗಳಿ ಸದ್ದಾಯಿತು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಾಳೆ. ನನ್ನ ಕಡೆಯೇ ನೋಡುತ್ತಿದ್ದಾಳೆ.

“ಸಾಕ್ ಬಿಡೋ ಬರಿಯೂದು. ಏಳು.”

ಎದ್ದೆ ಅಕ್ಕಾ. ಒಂದೇ ಸಾಲು. ಸುಧಾಳ ಮುಖ ಈಗ ಕಂಡಿತು, ಮರೆಯುವ ಮೊದಲು ಬರೆದುಬಿಡುತ್ತೇನೆ —

ಸುಧಾ ಬಾಗಿಲು ತೆರೆದಳು. ಅವಳ ಮುಖ —